ಸೋಸಿದ್ದೊಂದು, ಇಡೀದೊಂದು

ದಿಯೋಲಿಂದಾ ರಪೋಸೊ ಬಾಗಿಲು ತಳ್ಳಿ ಒಳಗೆ ಕಾಲಿಡುವ ಮೊದಲೇ ಕೌಂಟರಿನ ಹಿಂದಿನಿಂದ ಮೇಬಲ್ ಲಮ್ ಅಡುಗೆಮನೆಯತ್ತ ಕೂಗಿಬಿಡುತ್ತಿದ್ದಳು: “ಚೌಮೀನ್ ಬನ್ ಎರಡು. ಸೋಸಿದ್ದೊಂದು, ಇಡೀದೊಂದು.”

ಆಮೇಲೆ ಚಿಲ್ಲರೆ ಎಣಿಸುತ್ತಾ, ತಲೆ ಎತ್ತದೆ ಕೇಳುತ್ತಿದ್ದಳು, “ಆಲ್ಡಾ ಹೇಗಿದ್ದಾರೆ?”

“ಇದ್ದಾಳೆ.”

“ಮಂಡಿ ನೋವು?”

“ಹಾಗೇ ಇದೆ.”

ಆಲ್ಡಾ ಪಿಮೆಂತೆಲ್ ಸತ್ತು ಆಗಲೇ ಒಂದು ವರ್ಷವಾಗಿತ್ತು. ಸತ್ತವರ ಮಂಡಿ ನೋವು ಹಾಗೇ ಇರುತ್ತದೋ ವಾಸಿಯಾಗುತ್ತದೋ ದೇವರಿಗೇ ಗೊತ್ತು. ದಿಯೋಲಿಂದಾ ಮಾತ್ರ ಬಿಸಿ ಪೊಟ್ಟಣಗಳೆರಡನ್ನೂ ಎದೆಗೆ ಒತ್ತಿಕೊಂಡು, ಎಡಗಾಲನ್ನು ಸ್ವಲ್ಪ ಎಳೆಯುತ್ತಾ, ಎರಡು ಬೀದಿ ಆಚೆಗಿನ ತನ್ನ ಮನೆಗೆ ನಡೆಯುತ್ತಿದ್ದಳು.

ಅಮೆರಿಕದ ನಮ್ಮ ಫಾಲ್ ರಿವರ್ ಊರಿನಲ್ಲಿ ಚೌಮೀನ್ ಬನ್ ಎಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಹೊರಗಿನವರು ಕೇಳಿ ನಗುತ್ತಾರೆ, ನಗಲಿ. ದುಂಡು ಬನ್ನನ್ನು ಸೀಳಿ, ನಡುವೆ ಕರಿದ ನೂಡಲ್ಸ್ ತುಂಬಿ, ಮೇಲೆ ಮಂದವಾದ ಕಂದು ಗೊಜ್ಜು ಸುರಿದು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಗೊಜ್ಜಿನಲ್ಲಿರುವ ಹಂದಿಮಾಂಸದ ಚೂರು, ಈರುಳ್ಳಿ, ಸೆಲರಿ ಕಡ್ಡಿ, ಮೊಳಕೆ ಕಾಳು ಎಲ್ಲವೂ ಬೇಕೆಂದರೆ ಅದು ಇಡೀದು. ಅದನ್ನೆಲ್ಲ ಜಾಲರಿಯಲ್ಲಿ ತಡೆದು ಬರೀ ಗೊಜ್ಜು ಸುರಿದರೆ ಅದು ಸೋಸಿದ್ದು. ಶುಕ್ರವಾರ ಮಾಂಸ ಮುಟ್ಟದ ಕ್ಯಾಥೊಲಿಕ್ ಗಿರಣಿ ಹೆಂಗಸರಿಗಾಗಿ ಯಾವನೋ ಪುಣ್ಯಾತ್ಮ ಚೀನೀ ಅಡುಗೆಯವ ಈ ಸೋಸುವ ಉಪಾಯ ಹುಡುಕಿದ ಎಂದು ಹಳಬರು ಹೇಳುತ್ತಾರೆ. ಮಾಂಸ ಬಾಯಿಗೆ ಹೋಗುವುದಿಲ್ಲ, ಮಾಂಸದ ರುಚಿ ಬಾಯಿ ಬಿಡುವುದಿಲ್ಲ. ಇಂಥ ಉಪವಾಸವನ್ನು ಯಾರು ಬೇಕಾದರೂ ಮಾಡಿಯಾರು.

ದಿಯೋಲಿಂದಾ ಪೋರ್ಚುಗೀಸರ ಅಸೋರ್ಸ್ ದ್ವೀಪದಿಂದ ತಾಯಿಯ ಜೊತೆ ಹಡಗಿಳಿದಾಗ ಅವಳಿಗೆ ಹದಿನಾರು. ಶಾಲೆಯ ಮಾತೇ ಬರಲಿಲ್ಲ. ಬಂದ ವಾರದಲ್ಲೇ ರೇನ್‌ಕೋಟ್ ಹೊಲಿಯುವ ಗಾರ್ಮೆಂಟ್ಸಿನಲ್ಲಿ ಮೆಷಿನ್ ಮುಂದೆ ಕೂರಿಸಿದರು. ಇಂಗ್ಲಿಷಿನ ಒಂದು ಅಕ್ಷರ ಬಾರದು. ಪಕ್ಕದ ಮೆಷಿನ್ನಿನಲ್ಲಿ ಕೂತಿದ್ದವಳು ಆಲ್ಡಾ, ಅದೇ ದ್ವೀಪದವಳು, ಎರಡು ವರ್ಷ ಮೊದಲೇ ಬಂದು ಎಲ್ಲ ಬಲ್ಲವಳಾಗಿದ್ದವಳು. ಮೊದಲ ಶುಕ್ರವಾರ ಸಂಬಳದ ಲಕೋಟೆ ಕೈಗೆ ಬಿದ್ದದ್ದೇ ತಡ, ಆಲ್ಡಾ ಈ ಮೂಕ ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಲಮ್ ಅವರ ಅಂಗಡಿಯ ಮುಂದೆ ನಿಲ್ಲಿಸಿದಳು. ಮೇಬಲ್ ಆಗಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ, ಅವಳ ಅತ್ತೆ ಕೌಂಟರಿನಲ್ಲಿದ್ದಳು. ಆಲ್ಡಾ ತನಗೆ ಇಡೀದು ಹೇಳಿದಳು. ಶುಕ್ರವಾರ ಎಂದು ದಿಯೋಲಿಂದಾ ಕಣ್ಣು ಅಗಲಿಸಿದಳು.

“ದೇವರಿಗೆ ಈ ಗೊಜ್ಜಿನೊಳಗೆ ಏನಿದೆ ಅಂತ ಕಾಣಲ್ಲ ಕಣೇ, ಅಷ್ಟು ಮಂದ ಇದೆ,” ಎಂದಳು ಆಲ್ಡಾ. “ನೀನು ಬೇಕಾದ್ರೆ ಸೋಸಿದ್ದು ತಿಂದು ಸ್ವರ್ಗಕ್ಕೆ ಹೋಗು. ನಾನು ಆಮೇಲೆ ಬಸ್ಸಲ್ಲಿ ಬರ್ತೀನಿ.”

ಅಲ್ಲಿಂದ ಶುರುವಾದ ಶುಕ್ರವಾರ ಗಾರ್ಮೆಂಟ್ಸ್ ಮುಚ್ಚಿದರೂ ಮುಚ್ಚಲಿಲ್ಲ. ಆಲ್ಡಾ ಮದುವೆಯಾದಳು, ಒಬ್ಬಳು ಮಗಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು. ದಿಯೋಲಿಂದಾಳಿಗೆ ಮದುವೆ ಒದಗಲಿಲ್ಲ. ಕಟಿಂಗ್ ವಿಭಾಗದಲ್ಲಿದ್ದ ಒಬ್ಬ ಒಳ್ಳೆಯವ ನಾಲ್ಕು ವರ್ಷ ಕಾದ. ಅಷ್ಟರಲ್ಲಿ ಅವಳ ತಾಯಿಗೆ ಸಕ್ಕರೆ ಕಾಯಿಲೆ ಜೋರಾಗಿ, ಮೊದಲು ಒಂದು ಕಾಲ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗಿನದೆಲ್ಲ. ಹಾಸಿಗೆ ಹಿಡಿದ ತಾಯಿಯನ್ನು ತಿರುಗಿಸಿ ಮಲಗಿಸುವುದು, ತೊಳೆಯುವುದು, ಊಟ ಮಾಡಿಸುವುದು ಎಲ್ಲ ಇವಳದೇ. ಕಾದವನು ಕಾದು ಕಾದು ಬೇರೆ ಕಡೆ ಮದುವೆಯಾದ. ಯಾರನ್ನು ಬೈಯುವುದು? ಅವನ ಮದುವೆಗೆ ದಿಯೋಲಿಂದಾಳೇ ಮೇಜುಬಟ್ಟೆಗೆ ಕಸೂತಿ ಹಾಕಿ ಕೊಟ್ಟಳು.

ಈ ಎಲ್ಲ ವರ್ಷಗಳಲ್ಲೂ ಶುಕ್ರವಾರ ಸಂಜೆ ಆಲ್ಡಾ ಗುಡ್ಡದ ಮೇಲಿನ ತನ್ನ ಮನೆಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ಪೊಟ್ಟಣ ತರುವ ಕೆಲಸ ದಿಯೋಲಿಂದಾಳದು. ಎರಡನೇ ಮಹಡಿಯ ಸಣ್ಣ ಅಡುಗೆಮನೆಯಲ್ಲಿ ಎದುರುಬದುರು ಕೂತು ತಿನ್ನುತ್ತಿದ್ದರು. ಬಾಯಿ ಆಲ್ಡಾಳದು, ಕಿವಿ ದಿಯೋಲಿಂದಾಳದು. ಪಾದ್ರಿಯ ಹೊಸ ಕನ್ನಡಕದಿಂದ ಹಿಡಿದು ಕೆಳಮನೆಯವರ ನಾಯಿಯವರೆಗೆ ಆಲ್ಡಾ ಯಾರನ್ನೂ ಬಿಡುತ್ತಿರಲಿಲ್ಲ. ನಕ್ಕು ನಕ್ಕು ದಿಯೋಲಿಂದಾಳ ಬನ್ನು ಯಾವಾಗಲೂ ಆರಿಹೋಗುತ್ತಿತ್ತು.

ಆಲ್ಡಾ ಹೋದದ್ದು ಒಂದು ಫೆಬ್ರವರಿ ಬೆಳಿಗ್ಗೆ, ಬಚ್ಚಲಿನಲ್ಲಿ ಕುಸಿದು. ಮಗಳು ದೂರದ ಊರಿನಿಂದ ಬಂದು ಮಣ್ಣು ಮಾಡಿ, ಮನೆ ಖಾಲಿ ಮಾಡಿ, ದಿಯೋಲಿಂದಾಳನ್ನು ತಬ್ಬಿಕೊಂಡು ಅತ್ತು ಹೊರಟುಹೋದಳು. ಮಣ್ಣಾದ ವಾರ ದಿಯೋಲಿಂದಾ ಒಲೆ ಹಚ್ಚಲಿಲ್ಲ. ಶುಕ್ರವಾರ ಕಾಲು ತಾನಾಗಿ ಲಮ್ ಅವರ ಅಂಗಡಿಗೆ ನಡೆಯಿತು. ಒಂದೇ ಸಾಕು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಲ್ಲಿ ಉರುಹೊಡೆದಿದ್ದಳು. ಬಾಗಿಲು ತಳ್ಳಿದಳು, ಮೇಬಲ್ ಎರಡು ಎಂದು ಕೂಗಿಯಾಗಿತ್ತು. ಮೇಬಲ್‌ಗೆ ಸುದ್ದಿ ಮುಟ್ಟಿರಲಿಲ್ಲ. ಮುಟ್ಟುವ ದಾರಿಯೂ ಇರಲಿಲ್ಲ, ಅವಳ ಬೀದಿ ಬೇರೆ, ಅವಳ ದೇವರು ಬೇರೆ. ಮಂಡಿ ಕೆಟ್ಟ ಮೇಲೆ ಆಲ್ಡಾ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಳಲ್ಲ.

“ಆಲ್ಡಾ ಹೇಗಿದ್ದಾರೆ?” ಎಂದಳು ಮೇಬಲ್.

ಒಂದು ವಾರದಿಂದ ಎಲ್ಲರೂ ದಿಯೋಲಿಂದಾಳ ಹತ್ತಿರ ಆಲ್ಡಾ ಹಾಗಿದ್ದಳು, ಹೀಗಿದ್ದಳು ಎಂದು ಹೇಳುತ್ತಿದ್ದರು. ಹೇಗಿದ್ದಾಳೆ ಎಂದು ಕೇಳಿದವಳು ಇವಳೊಬ್ಬಳೇ.

“ಇದ್ದಾಳೆ,” ಎಂದಳು.

ಮನೆಗೆ ಬಂದು ಎರಡೂ ಪೊಟ್ಟಣ ಬಿಚ್ಚಿದಳು. ತನ್ನದನ್ನು ತಿಂದಳು. ಎದುರಿನ ಜಾಗದಲ್ಲಿ ಇಡೀದು ಕೂತಿತ್ತು. ಅವರ ದ್ವೀಪದಲ್ಲಿ ಬ್ರೆಡ್ಡಿನ ಚೂರು ನೆಲಕ್ಕೆ ಬಿದ್ದರೂ ಎತ್ತಿ ಮುತ್ತಿಟ್ಟು ತಿನ್ನುತ್ತಾರೆ, ಎಸೆಯುವುದು ಪಾಪ. ಗಡಿಯಾರ ನೋಡಿದಳು, ಕಿಟಕಿ ನೋಡಿದಳು, ಕೊನೆಗೆ ಆಲ್ಡಾಳದನ್ನೂ ತಿಂದಳು. ನಿಧಾನವಾಗಿ, ಆಲ್ಡಾ ಮಾತಾಡುತ್ತಾ ತಿನ್ನುತ್ತಿದ್ದಷ್ಟೇ ಹೊತ್ತು ತೆಗೆದುಕೊಂಡು. ಶುಕ್ರವಾರ ಮಾಂಸ ತಿಂದದ್ದು ಅದೇ ಮೊದಲು. ತನಗಾಗಿ ತಿಂದದ್ದಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂದು ಅಂದುಕೊಂಡಳು.

ಮುಂದಿನ ಶುಕ್ರವಾರ ಹೇಳಬಹುದಿತ್ತು. ಅದರ ಮುಂದಿನದೂ ಇತ್ತು. ಆದರೆ ಒಮ್ಮೆ ಇದ್ದಾಳೆ ಎಂದವಳನ್ನು ಎರಡನೇ ವಾರ ಸಾಯಿಸುವುದು ಹೇಗೆ? ತಡವಾದಷ್ಟೂ ಮಾತು ಕಷ್ಟವಾಯಿತು, ಮಾತು ಕಷ್ಟವಾದಷ್ಟೂ ತಡವಾಯಿತು. ಬೇಸಿಗೆ ಬರುವ ಹೊತ್ತಿಗೆ ಅವಳು ಮಂಗಳವಾರವೂ ಹೋಗತೊಡಗಿದ್ದಳು.

“ಏನಿದು, ವಾರಕ್ಕೆರಡು ಸಲ?” ಎಂದು ಮೇಬಲ್ ರೇಗಿಸಿದಳು. “ಆಲ್ಡಾಗೆ ಹಸಿವು ಜಾಸ್ತಿ ಆಗಿದೆ ಅನ್ಸುತ್ತೆ.”

“ಹೂಂ, ಜಾಸ್ತಿ ಆಗಿದೆ.”

ಅಷ್ಟೇ ಮಾತು. ಆ ಎರಡು ಮಾತಿಗಾಗಿ ಅವಳು ಎರಡು ಬೀದಿ ನಡೆಯುತ್ತಿದ್ದಳು, ಹೊಟ್ಟೆಗಾಗಿ ಅಲ್ಲ. ಇದನ್ನು ಅವಳು ಒಪ್ಪಿಕೊಳ್ಳುತ್ತಿರಲಿಲ್ಲ. ವಾರದ ಏಳು ದಿನದಲ್ಲಿ ಯಾರಾದರೂ ಅವಳನ್ನು ಒಂದು ಪ್ರಶ್ನೆ ಕೇಳುತ್ತಿದ್ದುದು ಅಲ್ಲಿ ಮಾತ್ರ.

ದಿಯೋಲಿಂದಾಳಿಗೂ ಸಕ್ಕರೆ ಕಾಯಿಲೆ ಇತ್ತು, ಹತ್ತು ವರ್ಷದಿಂದ. ಮಾತ್ರೆ ನುಂಗುತ್ತಿದ್ದಳು, ಸಿಹಿ ಮುಟ್ಟುತ್ತಿರಲಿಲ್ಲ, ಆಲೂಗಡ್ಡೆ ಬಿಟ್ಟಿದ್ದಳು. ಆ ಶರತ್ಕಾಲ ಹೊಸ ಬೂಟು ಎಡಗಾಲಿನ ಕಿರುಬೆರಳನ್ನು ಕಚ್ಚಿತು. ಕಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಪಾದ ಜೋಮು ಹಿಡಿದು ಎಷ್ಟೋ ದಿನವಾಗಿತ್ತು. ಕಾಲುಚೀಲದಲ್ಲಿ ಕಲೆ ನೋಡಿದಾಗಲೇ ಗಾಯ ಕಂಡದ್ದು. ಚಳಿಗಾಲವೆಲ್ಲ ಮುಲಾಮು ಹಚ್ಚಿದರೂ ಅದು ಮಾಗಲಿಲ್ಲ. ಈಸ್ಟರ್ ಮುಂಚಿನ ಉಪವಾಸದ ದಿನಗಳು ಶುರುವಾದ ವಾರ ಕಾಲಿನ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿದರು.

“ಈಸ್ಟರ್ ಕಳೆದ ಮೇಲೆ ಮತ್ತೆ ನೋಡ್ತೀನಿ,” ಎಂದರು. “ಶುಗರ್ ಇಳಿದ್ರೆ ಇದು ಮಾಗುತ್ತೆ, ಬೆರಳು ಉಳಿಯುತ್ತೆ. ಇಲ್ಲಾಂದ್ರೆ ತೆಗೀಬೇಕಾಗುತ್ತೆ. ಮೇಲಕ್ಕೆ ಹರಡೋಕೆ ಬಿಡೋಕಾಗಲ್ಲ.”

ದಿಯೋಲಿಂದಾ ತಲೆಯಾಡಿಸಿದಳು. ಆ ರಾತ್ರಿ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ತಾಯಿ ಮಲಗಿದ್ದ ಮಂಚವನ್ನು ನೋಡಿದಳು. ಮೊದಲು ಬೆರಳು, ಆಮೇಲೆ ಪಾದ. ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮನಿಗೆ ನಾನಿದ್ದೆ. ನನಗೆ ಯಾರಿದ್ದಾರೆ? ಹೆದರಿಕೆ ಎಂದರೆ ಬೆರಳಿನದಲ್ಲ, ಆ ಮಂಚದ್ದು. ಆ ಕೋಣೆಯಲ್ಲಿ ಬಿದ್ದುಕೊಂಡು ಕೂಗಿದರೆ ಕೇಳುವ ಕಿವಿ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಡಾಕ್ಟರು ಅವಳನ್ನು ಸಕ್ಕರೆ ಕಾಯಿಲೆಯವರಿಗೆ ಊಟ ತಿಂಡಿ ಹೇಳಿಕೊಡುವ ನರ್ಸ್ ಇವೋನಿ ಬಾರೋಸ್ ಹತ್ತಿರ ಕಳಿಸಿದರು. ನಲವತ್ತರ ಆಸುಪಾಸಿನ, ನಗುಮುಖದ, ಬಿಡದೆ ಪ್ರಶ್ನೆ ಕೇಳುವ ಹೆಂಗಸು. ಕೇಪ್ ವರ್ಡ್ ದ್ವೀಪದವರ ಮಗಳು, ಪೋರ್ಚುಗೀಸ್ ಬಲ್ಲವಳು, ಹಿರಿಯ ಹೆಂಗಸರ ಹೆಸರಿಗೆ ಮರ್ಯಾದೆಯ ದೋನಾ ಸೇರಿಸದೆ ಮಾತಾಡುತ್ತಿರಲಿಲ್ಲ. ಬೆರಳು ಚುಚ್ಚಿ ರಕ್ತ ನೋಡುವ ಮೀಟರಿನ ಹಳೇ ಅಂಕಿಗಳನ್ನು ಒಂದೊಂದೇ ಒತ್ತಿ ನೋಡಿದಳು.

“ದೋನಾ ದಿಯೋಲಿಂದಾ, ಮಿಕ್ಕ ದಿನ ಪರವಾಗಿಲ್ಲ. ಬುಧವಾರ ಬೆಳಿಗ್ಗೆ, ಶನಿವಾರ ಬೆಳಿಗ್ಗೆ ಮಾತ್ರ ಆಕಾಶಕ್ಕೆ ಹಾರಿದೆ. ಇನ್ನೂರ ಎಂಬತ್ತು, ಮುನ್ನೂರು. ಹಿಂದಿನ ರಾತ್ರಿ ಏನು ತಿಂತೀರಿ?”

“ಏನೂ ಇಲ್ಲಮ್ಮ. ಚೌಮೀನ್ ಬನ್ನು. ಸೋಸಿದ್ದು.”

“ಸೋಸಿದ್ದಾ?”

“ಅದ್ರಲ್ಲಿ ಏನಿದೆ? ಮಾಂಸ ಇಲ್ಲ, ತರಕಾರಿ ಇಲ್ಲ, ಎಲ್ಲಾ ತೆಗೆದಿರ್ತಾರೆ. ಉಪವಾಸಕ್ಕೇ ಆಗುತ್ತೆ ಅಂದ್ಮೇಲೆ ಕಾಯಿಲೆಗೆ ಆಗಲ್ವಾ?”

ಇವೋನಿ ನಕ್ಕಳು, ಆದರೆ ಗೇಲಿಯ ನಗು ಅಲ್ಲ. ಅವಳ ಅಜ್ಜಿಯೂ ಹೀಗೆಯೇ ಹೇಳುತ್ತಿದ್ದಳಂತೆ. ಪಾಪಕ್ಕೆ ಹಗುರವಾದದ್ದು ರಕ್ತಕ್ಕೂ ಹಗುರ ಎಂದು ನಂಬಿದವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ. ಇವೋನಿ ಕಾಗದದ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ಗೆರೆ ಎಳೆದಳು.

“ನೋಡಿ, ಬನ್ನು ಹಿಟ್ಟು. ನೂಡಲ್ಸು ಹಿಟ್ಟು. ಗೊಜ್ಜು ಮಂದ ಆಗೋಕೆ ಹಾಕೋದು ಮೆಕ್ಕೆಜೋಳದ ಹಿಟ್ಟು. ಹಿಟ್ಟಿನ ಮೇಲೆ ಹಿಟ್ಟು, ಅದರ ಮೇಲೆ ಹಿಟ್ಟು. ಮೂರೂ ಒಳಗೆ ಹೋಗಿ ಸಕ್ಕರೆ ಆಗುತ್ತೆ. ಅದನ್ನ ನಿಧಾನ ಮಾಡೋಕೆ ಅಂತ ಇದ್ದ ತರಕಾರಿ, ಮಾಂಸ, ಅದನ್ನೇ ನೀವು ತೆಗೆಸಿಬಿಟ್ಟಿದ್ದೀರಿ.”

“ಹಾಗಾದ್ರೆ ಬಿಡಬೇಕಾ?” ದಿಯೋಲಿಂದಾಳ ದನಿ ಸಣ್ಣದಾಯಿತು.

“ಬಿಡಿ ಅಂದ್ರೆ ನೀವು ಬಿಡ್ತೀರಾ? ನಾನೂ ಈ ಕಡೆಯವಳೇ. ಬಿಡಬೇಡಿ. ಇಡೀದು ತಗೊಳ್ಳಿ, ಬನ್ನು ಬೇಡ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಮಾಂಸ ಅಥವಾ ತೋಫು, ಕಾಲು ತಟ್ಟೆ ನೂಡಲ್ಸು, ಗೊಜ್ಜು ಎರಡು ಚಮಚ. ಮೊದಲು ತರಕಾರಿ ತಿನ್ನಿ, ನೂಡಲ್ಸು ಕೊನೇಗೆ. ಉಳಿದದ್ದನ್ನ ಯಾರ ಜೊತೆಗಾದ್ರೂ ಹಂಚ್ಕೊಳ್ಳಿ. ಅಂಗಡಿಯವರು ಇಬ್ಬರಿಗಾಗೋವಷ್ಟು ಕೊಡ್ತಾರೆ. ನಿಮ್ ಜೊತೆ ಯಾರು ತಿಂತಾರೆ?”

“ಆಲ್ಡಾ,” ಎಂದಳು ದಿಯೋಲಿಂದಾ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಅದೇ ಹೆಸರು. “ನನ್ನ ಸ್ನೇಹಿತೆ. ಶುಕ್ರವಾರ, ಮಂಗಳವಾರ ಬರ್ತಾಳೆ.”

“ಸರಿ ಮತ್ತೆ. ಅರ್ಧ ನೀವು, ಅರ್ಧ ಆಲ್ಡಾ.”

ಹೇಳಿದ ಮಾತನ್ನು ದಿಯೋಲಿಂದಾ ಪಾಲಿಸಿದಳು, ಅವಳ ರೀತಿಯಲ್ಲಿ. ಅಂಗಡಿಯಲ್ಲಿ ಬಾಯಿ ಬಿಡಲಾರದೆ ಎಂದಿನಂತೆ ಎರಡು ಪೊಟ್ಟಣ ತಂದಳು. ತನ್ನದರಲ್ಲಿ ಅರ್ಧ ಕತ್ತರಿಸಿ ತಿಂದಳು. ಆಲ್ಡಾಳದರಲ್ಲಿ ತರಕಾರಿ ಇದೆಯಲ್ಲ ಎಂದು ಅದರಲ್ಲೂ ಅರ್ಧ ತಿಂದಳು. ಉಳಿದ ಎರಡು ಅರ್ಧ ಫ್ರಿಜ್ಜಿನಲ್ಲಿ ಕೂತವು. ಅದು ಅಲ್ಲಿದೆ ಎಂಬುದೇ ಮಲಗಲು ಬಿಡದೆ, ಎಸೆಯಲೂ ಕೈ ಬಾರದೆ, ಮರುದಿನ ಬೆಳಿಗ್ಗೆ ಅವನ್ನೂ ಮುಗಿಸಿದಳು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಎರಡು ಅರ್ಧ ಸೇರಿದರೆ ಒಂದು ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಬಟ್ಟೆ ಅಳೆದು ಅರ್ಧ ಅಂಗುಲ ವ್ಯತ್ಯಾಸ ಬಾರದಂತೆ ಹೊಲಿದ ಕೈ ಅದು. ಗೊತ್ತಿತ್ತು. ಗೊತ್ತಿದ್ದೂ ತಿಂದಳು.

ಎರಡು ವಾರ ಬಿಟ್ಟು ಹೋದಾಗ ಇವೋನಿ ಮೀಟರು ಒತ್ತಿ ಹುಬ್ಬು ಗಂಟಿಕ್ಕಿದಳು.

“ಏನೂ ಬದಲಾಗಿಲ್ಲವಲ್ಲ. ಗಾಯ ಹೇಗಿದೆ?”

“ಹಾಗೇ ಇದೆ.”

“ಅರ್ಧ ಆಲ್ಡಾಗೆ ಕೊಡ್ತಿದ್ದೀರಾ?”

“ಆಲ್ಡಾಳದು ಆಲ್ಡಾಳಿಗೆ ಇದೆ.”

ಇವೋನಿ ಮೀಟರನ್ನು ಕೆಳಗಿಟ್ಟು ಅವಳ ಮುಖ ನೋಡಿದಳು. “ಒಂದು ಕೆಲಸ ಮಾಡಿ. ಮುಂದಿನ ಸಲ ಆಲ್ಡಾ ಅವರನ್ನೂ ಕರ್ಕೊಂಡು ಬನ್ನಿ. ಇಬ್ಬರನ್ನೂ ಕೂರಿಸಿ ಹೇಳ್ತೀನಿ. ಜೊತೇಲಿ ತಿನ್ನೋರು ಮನಸ್ಸು ಮಾಡಿದ್ರೆ ಅರ್ಧ ಕಾಯಿಲೆ ವಾಸಿ. ಬೆರಳಿನ ವಿಷಯ ದೋನಾ ದಿಯೋಲಿಂದಾ, ಇದು ಹುಡುಗಾಟ ಅಲ್ಲ.”

ಬಸ್ಸಿನಲ್ಲಿ ಮನೆಗೆ ಬರುವಾಗ ದಿಯೋಲಿಂದಾ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆಲ್ಡಾಳನ್ನು ಯಾವ ಬಸ್ಸಿನಲ್ಲಿ ಕರೆತರುವುದು? ಬೆರಳನ್ನು ತಿನ್ನುತ್ತಿರುವುದು ಹಿಟ್ಟೂ ಅಲ್ಲ, ಗೊಜ್ಜೂ ಅಲ್ಲ, ತಾನು ಅಂಗಡಿಯಲ್ಲಿ ನುಂಗಿಕೊಂಡ ಒಂದು ಮಾತು ಎಂದು ಅವಳಿಗೆ ಆಗ ನೇರವಾಗಿ ಹೊಳೆಯಿತು. ಆ ಮಾತು ಹೊರಗೆ ಬಂದರೆ ಎರಡು ಪೊಟ್ಟಣ ಒಂದಾಗುತ್ತದೆ. ಒಂದಾದರೆ ಬೆರಳು ಉಳಿಯಬಹುದು. ಆದರೆ ಆಲ್ಡಾ ಹೇಗಿದ್ದಾರೆ ಎಂದು ಕೇಳುವವರು ಆಮೇಲೆ ಈ ಊರಿನಲ್ಲಿ ಒಬ್ಬರೂ ಇರುವುದಿಲ್ಲ.

ಆ ಶುಕ್ರವಾರ ಅಂಗಡಿಯಲ್ಲಿ ಜನ ತುಂಬಿದ್ದರು. ಉಪವಾಸದ ದಿನಗಳಲ್ಲಿ ಸೋಸಿದ್ದಕ್ಕೆ ಗಿರಾಕಿ ಹೆಚ್ಚು. ಅವಳ ಹಿಂದೆ ರಸ್ತೆ ಕೆಲಸದವರು ನಾಲ್ಕೈದು ಜನ ನಿಂತಿದ್ದರು. ಮೇಬಲ್ ಅವಳ ತಲೆ ಕಂಡದ್ದೇ ಕೂಗಿದಳು, “ಸೋಸಿದ್ದೊಂದು, ಇಡೀದೊಂದು.”

“ಮೇಬಲ್,” ಎಂದಳು ದಿಯೋಲಿಂದಾ. “ಒಂದೇ ಸಾಕು.”

“ಒಂದೇನಾ? ಆಲ್ಡಾ ಊರಲ್ಲಿಲ್ವಾ? ಮಗಳ ಮನೆಗೆ ಹೋದ್ರಾ?”

ಮೇಬಲ್ ತಾನೇ ಬಾಗಿಲು ತೆರೆದು ಕೊಟ್ಟಿದ್ದಳು. ಹೂಂ ಎಂದರೆ ಸಾಕಿತ್ತು. ಮಗಳ ಮನೆಯಲ್ಲಿ ಆಲ್ಡಾ ಎಷ್ಟು ವರ್ಷ ಬೇಕಾದರೂ ಇರಬಹುದಿತ್ತು, ಅಲ್ಲಿಂದ ಕಾಗದ ಬರೆಯಬಹುದಿತ್ತು, ಬೇಸಿಗೆಗೆ ಬರುತ್ತೇನೆ ಎನ್ನಬಹುದಿತ್ತು. ದಿಯೋಲಿಂದಾಳ ತುಟಿ ಹೂಂ ಎನ್ನಲು ತೆರೆದೂ ಆಗಿತ್ತು. ಆದರೆ ಮಗಳ ಮನೆಗೆ ಹೋದವರು ಒಂದು ದಿನ ತಿರುಗಿ ಬರುತ್ತಾರೆ, ಬಂದ ದಿನ ಮತ್ತೆ ಎರಡು ಪೊಟ್ಟಣ ಆಗುತ್ತದೆ. ಅವಳಿಗೆ ತನ್ನ ಗುಣ ಗೊತ್ತಿತ್ತು.

“ಆಲ್ಡಾ ತೀರ್ಕೊಂಡಳು,” ಎಂದಳು.

ಮೇಬಲ್‌ಳ ಕೈ ಗಲ್ಲಾದ ಮೇಲೆ ನಿಂತಿತು. “ಅಯ್ಯೋ. ಯಾವಾಗ?”

“ಹೋದ ವರ್ಷ. ಫೆಬ್ರವರೀಲಿ.”

ಹಿಂದೆ ನಿಂತಿದ್ದವರಲ್ಲಿ ಒಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೇಬಲ್ ಅವಳನ್ನೂ ನೋಡಿದಳು, ಅಡುಗೆಮನೆಯ ಕಿಂಡಿಯನ್ನೂ ನೋಡಿದಳು, ಮನಸ್ಸಿನಲ್ಲಿ ಏನನ್ನೋ ಕೂಡಿಸಿದಳು.

“ಹಾಗಾದ್ರೆ ಇಷ್ಟು ದಿನ ಆ ಇಡೀದು...”

“ನಾನೇ ತಿಂದೆ.”

“ನಿಮಗೆ ಶುಗರ್ ಇದೆ ಅಲ್ವಾ?”

“ಇದೆ.”

ಮೇಬಲ್‌ಗೆ ಸಿಟ್ಟು ಬಂತು. ಕಣ್ಣಲ್ಲಿ ನೀರು ತುಂಬಿದ್ದರೂ ದನಿ ಸಿಟ್ಟಿನದೇ. “ಒಂದು ಮಾತು ಹೇಳ್ಬಾರ್ದಿತ್ತಾ ದಿಯೋಲಿಂದಾ? ಮಂಡಿ ನೋವಲ್ಲಿ ಇದ್ದಾರೆ ಪಾಪ ಅಂತ ನಾನು ವಾರಾ ವಾರಾ ಅವರ ಪೊಟ್ಟಣಕ್ಕೆ ಒಂದು ಸೌಟು ಜಾಸ್ತಿ ಹಾಕಿಸ್ತಿದ್ದೆ. ಅದೂ ನಿಮ್ಮ ಹೊಟ್ಟೆಗೇ ಹೋಯ್ತಾ?”

“ನಂಗೊತ್ತಿರ್ಲಿಲ್ಲ. ನಿಮ್ಮ ಕೈ ದೊಡ್ಡದು ಅಂದ್ಕೊಂಡಿದ್ದೆ.”

ಯಾರೋ ಹಿಂದೆ ನಕ್ಕು, ತಕ್ಷಣ ಕೆಮ್ಮಿದರು. ಮೇಬಲ್ ಅಂಗೈಯಿಂದ ಕಣ್ಣೊರೆಸಿಕೊಂಡಳು. ಅವಳಿಗೂ ಆಲ್ಡಾ ಬೇಕಾದವಳೇ. ಹೊಸ ಸೊಸೆಯಾಗಿ ಕೌಂಟರಿಗೆ ಬಂದು ಲೆಕ್ಕ ತಪ್ಪಿ ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದ ದಿನಗಳಲ್ಲಿ, ಅತ್ತೆಯನ್ನು ಮಾತಿಗೆಳೆದು ಬಚಾವು ಮಾಡುತ್ತಿದ್ದವಳು ಅವಳು. ಒಂದು ವರ್ಷ ಯಾರ ಕ್ಷೇಮ ವಿಚಾರಿಸಿದೆ ನಾನು, ಎಂದು ಅವಳ ಮುಖ ಕೇಳುತ್ತಿತ್ತು. ಆದರೆ ಸಾಲು ಬೆಳೆಯುತ್ತಿತ್ತು, ಬಾಣಲೆ ಕಾದಿತ್ತು.

“ಈಗ ಏನು ಕೊಡಲಿ?”

ದಿಯೋಲಿಂದಾ ಇವೋನಿಯ ಕಾಗದದ ತಟ್ಟೆಯನ್ನು ನೆನಪಿಸಿಕೊಂಡಳು. “ಸೋಸ್ಬೇಡಿ. ಇಡೀದು. ಬನ್ನು ಬೇಡ. ನೂಡಲ್ಸು ಒಂದು ಹಿಡಿ. ತರಕಾರಿ ಜಾಸ್ತಿ, ಗೊಜ್ಜು ಎರಡೇ ಚಮಚ.”

“ಮಾಂಸ? ಇವತ್ತು ಶುಕ್ರವಾರ.”

“ಮಾಂಸದ ಬದಲು ತೋಫು ಹಾಕಿ.”

ಮೇಬಲ್ ಅಡುಗೆಮನೆಯತ್ತ ತಿರುಗಿ, ಒಂದು ಕ್ಷಣ ತಡೆದು, ಆಮೇಲೆ ಕೂಗಿದಳು, “ಇಡೀದು, ಒಂದು.”

ಮನೆಗೆ ಬಂದು ದಿಯೋಲಿಂದಾ ಡಬ್ಬಿ ತೆರೆದಳು. ಸೆಲರಿ ಮೊದಲು ತಿಂದಳು, ಆಮೇಲೆ ಮೊಳಕೆ ಕಾಳು, ತೋಫು, ಕೊನೆಗೆ ನೂಡಲ್ಸು. ಕಡ್ಡಿ ಅಗಿಯುವ ಸದ್ದು ತಲೆಯೊಳಗೆ ದೊಡ್ಡದಾಗಿ ಕೇಳಿಸಿತು. ಬನ್ನು ಇಲ್ಲದಿದ್ದರೂ ರುಚಿ ಕೆಟ್ಟದಿರಲಿಲ್ಲ. ಆದರೆ ಬೇಗ ಮುಗಿದುಹೋಯಿತು. ತಟ್ಟೆ ತೊಳೆದು, ಮೇಜು ಒರೆಸಿ ನೋಡಿದರೆ ಹೊರಗೆ ಇನ್ನೂ ಬೆಳಕಿತ್ತು. ಎರಡು ಬನ್ನು ತಿನ್ನುವಾಗ ಆ ಸಂಜೆಗಳು ಹೇಗೋ ಕತ್ತಲಿನವರೆಗೆ ತಲುಪುತ್ತಿದ್ದವು. ಈಗ ಎದುರಿನ ಕುರ್ಚಿ ಬರೀ ಕುರ್ಚಿಯಾಗಿತ್ತು. ಅವಳು ಮೇಜಿಗೆ ಎರಡೂ ಮೊಣಕೈ ಊರಿ, ಮುಖ ಮುಚ್ಚಿಕೊಂಡು, ದನಿ ತೆಗೆದು ಅತ್ತಳು. ಮಣ್ಣು ಮಾಡಿದ ದಿನ ಅವಳು ಹಾಗೆ ಅತ್ತಿರಲಿಲ್ಲ. ಊರಿನವರ ಪಾಲಿಗೆ ಆಲ್ಡಾ ಸತ್ತು ವರ್ಷವಾಗಿತ್ತು, ದಿಯೋಲಿಂದಾಳ ಪಾಲಿಗೆ ಸತ್ತದ್ದು ಆ ಶುಕ್ರವಾರ.

ಬೆಳಿಗ್ಗೆ ಬೆರಳು ಚುಚ್ಚಿದಳು. ನೂರ ಮೂವತ್ತೆಂಟು. ಶನಿವಾರದ ಬೆಳಿಗ್ಗೆ ಅಷ್ಟು ಕಡಿಮೆ ಅಂಕಿಯನ್ನು ಆ ಮೀಟರು ತೋರಿಸಿರಲೇ ಇಲ್ಲ. ಮೀಟರನ್ನು ಕೈಯಲ್ಲಿ ಹಿಡಿದುಕೊಂಡು ಒಂದೆರಡು ಸಲ ಫ್ರಿಜ್ಜಿನಿಂದ ಕಿಟಕಿಗೆ, ಕಿಟಕಿಯಿಂದ ಫ್ರಿಜ್ಜಿಗೆ ನಡೆದಳು. ಯಾರಿಗೆ ಹೇಳುವುದು ಎಂದು ತಿಳಿಯದೆ ಮೀಟರನ್ನು ಡ್ರಾಯರಿನಲ್ಲಿಟ್ಟಳು.

ಮಂಗಳವಾರ ಹೋಗುವುದನ್ನು ಬಿಟ್ಟಳು. ಶುಕ್ರವಾರ ಹೋಗುತ್ತಿದ್ದಳು, ಒಂದೇ ಡಬ್ಬಿ. ಮೇಬಲ್ ಒಳ್ಳೆಯವಳು, “ನಿಮ್ಮ ಕಾಲು ಹೇಗಿದೆ?” ಎಂದು ಕೇಳುತ್ತಿದ್ದಳು. ಅದು ಒಳ್ಳೆಯ ಪ್ರಶ್ನೆಯೇ. ದಿಯೋಲಿಂದಾ ಮರ್ಯಾದೆಯಿಂದ ಉತ್ತರ ಕೊಟ್ಟು ಮನೆಗೆ ಬರುತ್ತಿದ್ದಳು. ಗಾಯದ ಅಂಚು ಮೆಲ್ಲಗೆ ಒಣಗತೊಡಗಿತು, ನಡುವೆ ಗುಲಾಬಿ ಬಣ್ಣ ಬಂತು.

ಈಸ್ಟರ್ ಕಳೆದ ಮೇಲೆ ಡಾಕ್ಟರು ಬ್ಯಾಂಡೇಜು ಬಿಚ್ಚಿ, ದೀಪ ಹತ್ತಿರ ಎಳೆದು, ಅಲ್ಲಿ ಇಲ್ಲಿ ಒತ್ತಿ ನೋಡಿದರು. “ಇದು ಉಳೀತು,” ಎಂದರು. “ಬೂಟು ನೋಡಿ ತಗೊಳ್ಳಿ, ದಿನಾ ಪಾದ ನೋಡ್ಕೊಳ್ಳಿ. ಹೋಗಿ ಬನ್ನಿ.” ಅಷ್ಟೇ. ದಿಯೋಲಿಂದಾ ಕಾಲುಚೀಲ ಏರಿಸಿಕೊಂಡಳು. ಹಿಂದಿನ ಕೋಣೆಯ ಮಂಚ ಸದ್ಯಕ್ಕೆ ಖಾಲಿಯೇ ಇರುತ್ತದೆ.

ಇವೋನಿ ಮೀಟರಿನ ಅಂಕಿಗಳನ್ನು ಒತ್ತಿ ಒತ್ತಿ ನೋಡಿ ಮುಖ ಅರಳಿಸಿದಳು.

“ದೋನಾ ದಿಯೋಲಿಂದಾ, ಇದು ಬರೀ ಮಾತ್ರೆಯಿಂದ ಆಗಿದ್ದಲ್ಲ. ನೀವು ಮಾಡಿದ್ದು. ನೀವೂ, ನಿಮ್ಮ ಆಲ್ಡಾನೂ. ಅವರು ಮನಸ್ಸು ಮಾಡಿ ಹಂಚ್ಕೊಂಡು ತಿಂದ್ರು ಅಂತ ತಾನೇ ಇಷ್ಟು ಇಳಿದಿರೋದು?”

ಹೇಳಬಹುದಿತ್ತು. ಒಂದು ಸಲ ಹೊರಗೆ ಬಂದ ಮಾತು ಎರಡನೇ ಸಲ ಅಷ್ಟು ಭಾರವಿರುವುದಿಲ್ಲ. ಆದರೆ ಅಂಗಡಿಯಲ್ಲಿ ಅವಳು ಆಲ್ಡಾಳನ್ನು ಬಿಟ್ಟುಕೊಟ್ಟದ್ದು ಬೆರಳಿಗಾಗಿ. ಬೆರಳು ಉಳಿದಿತ್ತು. ಇಲ್ಲಿ ತಿನ್ನಲು ಏನೂ ಇರಲಿಲ್ಲ, ಎರಡು ಕುರ್ಚಿ, ಒಂದು ಮೇಜು, ಕಾಗದದ ಒಂದು ತಟ್ಟೆ, ಅಷ್ಟೇ.

“ಹೂಂ,” ಎಂದಳು.

“ಏನಂತಾರೆ ಅವರು, ಬನ್ನು ಇಲ್ಲದ ಚೌಮೀನಿಗೆ?”

“ಬೈತಾಳೆ.” ದಿಯೋಲಿಂದಾ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತಳು. “ಬನ್ನು ಇಲ್ಲದ ಚೌಮೀನು ಅಂದ್ರೆ ಗಂಡು ಬರದ ಮದುವೆ ಇದ್ದ ಹಾಗಂತೆ. ಹೂವಿದೆ, ವಾದ್ಯ ಇದೆ, ಪಾದ್ರಿ ನಿಂತಿದ್ದಾರೆ, ಗಂಡು ಮಾತ್ರ ಪತ್ತೆ ಇಲ್ಲ.”

ಇವೋನಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ದಿಯೋಲಿಂದಾಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಮಾತು ಥೇಟ್ ಆಲ್ಡಾಳದು, ದನಿಯೂ ಅವಳದೇ, ಆದರೆ ಆಲ್ಡಾ ಯಾವತ್ತೂ ಹೇಳಿರದ ಮಾತು. ಆಲ್ಡಾ ಹೊಸದೊಂದು ಮಾತಾಡಿ ವರ್ಷದ ಮೇಲಾಗಿತ್ತು.

“ಮುಂದಿನ ಸಲ ಅವರನ್ನ ಕರ್ಕೊಂಡು ಬರಲೇಬೇಕು ನೀವು.”

“ಹೇಳಿ ನೋಡ್ತೀನಿ. ಅವಳು ನನ್ನ ಮಾತು ಯಾವಾಗ ಕೇಳಿದ್ದಾಳೆ?”

ಇವೋನಿ ಕ್ಯಾಲೆಂಡರ್ ತಿರುವಿದಳು. “ಇನ್ನು ಪದೇಪದೇ ಬರೋದು ಬೇಡ, ಅಷ್ಟು ಚೆನ್ನಾಗಿದ್ದೀರಿ. ಮೂರು ತಿಂಗಳು ಬಿಟ್ಟು ಬನ್ನಿ.”

“ಮೂರು ತಿಂಗಳು ಯಾಕಮ್ಮ?” ಎಂದಳು ದಿಯೋಲಿಂದಾ. “ಮುಂದಿನ ತಿಂಗಳೇ ಬರ್ತೀನಿ.”